ಏಜೆಂಟರ ಮೇಜಿನ ಮೇಲೆ ಹಡಗಿನ ನಕ್ಷೆ: ಮೊದಲ ಕ್ರೂಸ್ ಕಾಯ್ದಿರಿಸಿದ ಅನುಭವ

ಕರ್ನಾಟಕಕ್ಕೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ಕರಾವಳಿಯಿದ್ದರೂ, ಮನೆಮಂದಿಯೆಲ್ಲ ಇಲ್ಲಿಯೇ ಹತ್ತಿ, ಮೂರು ನಾಲ್ಕು ದಿನ ಕಡಲಿನಲ್ಲಿ ಸುತ್ತಾಡಿ, ಮತ್ತೆ ಇಲ್ಲಿಯೇ ಬಂದಿಳಿಯುವಂಥ ಪ್ರವಾಸಿ ಹಡಗು ನಾವು ಹುಡುಕಿದಾಗ ಸಿಗಲಿಲ್ಲ. ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬರುವುದುಂಟು. ಆದರೆ ಅವುಗಳಲ್ಲಿ ಬರುವವರು ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೋ ಕಾರ್ಕಳದ ಗೊಮ್ಮಟನನ್ನೋ ಕುದ್ರೋಳಿಯ ದೇವಸ್ಥಾನವನ್ನೋ ನೋಡಿಕೊಂಡು ಹಡಗಿಗೆ ಮರಳುವ ಅತಿಥಿಗಳು. ನಮ್ಮಂಥವರು ದಡದಲ್ಲಿ ನಿಂತು ಹಡಗನ್ನು ನೋಡಬಹುದಷ್ಟೆ. ಮೈಸೂರಿನ ನಮ್ಮಂಥ ಮಧ್ಯಮ ವರ್ಗದ ಕುಟುಂಬಕ್ಕೆ ಹಾಗಾಗಿ ಉಳಿಯುವ ದಾರಿಗಳು ಎರಡು. ಒಂದು, ಮುಂಬೈಯಿಂದ 2021ರಿಂದ ಗೋವಾ ಮತ್ತು ಲಕ್ಷದ್ವೀಪದ ಕಡೆಗೆ ಸಂಚರಿಸುತ್ತಿರುವ ಕಾರ್ಡೀಲಿಯಾ ಸಂಸ್ಥೆಯ ಎಂಪ್ರೆಸ್ ಹಡಗು. ಇನ್ನೊಂದು, ಸಿಂಗಪುರದಿಂದ ಹೊರಡುವ ದೊಡ್ಡ ಹಡಗುಗಳು. ನನ್ನ ನಾದಿನಿಯ ಸಂಸಾರ ಸಿಂಗಪುರದಲ್ಲಿರುವುದರಿಂದ, ಮಗಳ ಮನೆಗೆ ಹೋಗಬೇಕೆಂಬ ನಮ್ಮತ್ತೆಯವರ ಬಹಳ ದಿನಗಳ ಆಸೆಗೂ ಹಡಗಿನಲ್ಲಿ ಕೂರಬೇಕೆಂಬ ಮಕ್ಕಳ ಹಟಕ್ಕೂ ಒಂದೇ ಪ್ರಯಾಣದಲ್ಲಿ ಉತ್ತರ ಕೊಟ್ಟಂತಾಗುತ್ತದೆ ಎಂದು ಎರಡನೆಯದನ್ನೇ ನಿಶ್ಚಯಿಸಿದೆವು. 2025ರ ಯುಗಾದಿ ಹಬ್ಬವನ್ನು ಮನೆಯಲ್ಲಿ ಮುಗಿಸಿ, ಮುಂದಿನ ಏಕಾದಶಿಯೊಳಗೆ ಹಡಗಿನಿಂದ ಇಳಿದಿರಬೇಕು ಎಂಬುದು ಪಂಚಾಂಗ ನೋಡಿ ಅತ್ತೆಯವರು ಹಾಕಿದ ಒಂದೇ ಒಂದು ಷರತ್ತು.

ಮೊದಲು ನಾವು ಸಂಪರ್ಕಿಸಿದ್ದು ಬೆಂಗಳೂರಿನ ಒಬ್ಬ ಏಜೆಂಟರನ್ನು. ಪರಿಚಿತರೊಬ್ಬರು ಕೊಟ್ಟ ಸಂಖ್ಯೆಗೆ ಸಂದೇಶ ಕಳುಹಿಸಿದ ಕೆಲವೇ ನಿಮಿಷಗಳಲ್ಲಿ ವಾಟ್ಸಾಪ್‌ಗೆ ಬಣ್ಣಬಣ್ಣದ ಪೋಸ್ಟರೊಂದು ಬಂತು. ಅದರಲ್ಲಿ ಹಡಗಿನ ಚಿತ್ರವಿತ್ತು, ತಲಾ ಇಷ್ಟು ಸಾವಿರದಿಂದ ಆರಂಭ ಎಂಬ ದೊಡ್ಡ ಅಕ್ಷರವಿತ್ತು, ಆ ಮೊತ್ತದ ಪಕ್ಕದಲ್ಲಿ ಕಣ್ಣಿಗೆ ಕಾಣುವುದೇ ಕಷ್ಟವೆನ್ನುವಂಥ ಒಂದು ನಕ್ಷತ್ರ ಚಿಹ್ನೆಯೂ ಇತ್ತು. ನಂತರದ ದಿನಗಳಲ್ಲಿ ನಾವು ಕೇಳಿದ ಪ್ರತಿ ಪ್ರಶ್ನೆಗೂ ಉತ್ತರದ ಜೊತೆಗೆ ಒಂದೊಂದು ಶುಲ್ಕವೂ ಹೊರಬರತೊಡಗಿತು. ಪೋಸ್ಟರಿನ ದರವು ಒಂದು ಕೋಣೆಗೆ ಇಬ್ಬರು ಎಂಬ ಲೆಕ್ಕದ್ದು, ಅದೂ ಕಿಟಕಿಯಿಲ್ಲದ ಕೋಣೆಗೆ. ಬಂದರು ಶುಲ್ಕ ಮತ್ತು ತೆರಿಗೆ ಬೇರೆ; ಹಡಗಿನ ಸಿಬ್ಬಂದಿಗೆ ತಲೆಗೆ ದಿನವೊಂದಕ್ಕೆ ಇಷ್ಟು ಡಾಲರ್ ಎಂದು ಸೇರಿಸುವ ಗ್ರಾಚ್ಯುಟಿ ಎಂಬ ಭಕ್ಷೀಸು ಬೇರೆ; ಜಿಎಸ್‌ಟಿ ಬೇರೆ; ಟಿಸಿಎಸ್, ಅಂದರೆ ಮಾರುವವರೇ ನಮ್ಮಿಂದ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ಮುಂಗಡ ತೆರಿಗೆ, ಬೇರೆ; ವಿಮಾನದ ಟಿಕೆಟ್ಟೂ ವೀಸಾವೂ ಅದರಲ್ಲಿ ಇಲ್ಲವೇ ಇಲ್ಲ. ಈ ಶುಲ್ಕಗಳಲ್ಲಿ ಯಾವುದೂ ಅನ್ಯಾಯದ್ದಲ್ಲ ಎಂಬುದು ಆಮೇಲೆ ತಿಳಿಯಿತು. ಆದರೂ ಅಷ್ಟೂ ದಿನಗಳ ಮಾತುಕತೆಯಲ್ಲಿ ಆ ಮಹಾಶಯರು ನಮ್ಮ ಮನೆಯಲ್ಲಿ ಎಷ್ಟು ಜನ, ಯಾರ ವಯಸ್ಸೆಷ್ಟು ಎಂದು ಒಮ್ಮೆಯೂ ಕೇಳಲಿಲ್ಲ, ಬದಲಿಗೆ ಇಂದು ಸಂಜೆಯೊಳಗೆ ಮುಂಗಡ ಹಾಕದಿದ್ದರೆ ದರ ಏರುತ್ತದೆ ಎಂಬ ಒಂದೇ ಮಾತನ್ನು ದಿನವೂ ಬರೆಯುತ್ತಿದ್ದರು. ಅಲ್ಲಿಗೆ ಆ ವ್ಯವಹಾರವನ್ನು ಬಿಟ್ಟೆವು.

ಎರಡನೆಯವರು ಮೈಸೂರಿನವರೇ. ಸರಸ್ವತಿಪುರದಲ್ಲಿ ಒಂದು ಮಹಡಿಯ ಮೇಲೆ ಸಣ್ಣ ಕಚೇರಿ ಇಟ್ಟುಕೊಂಡಿರುವ, ಹಿಂದೆ ವಿಮಾನ ಟಿಕೆಟ್ ಮಾಡುವ ಕೆಲಸದಲ್ಲಿದ್ದ ನಡುವಯಸ್ಸಿನ ಮಹಿಳೆ. ದರ ಎಷ್ಟಾಗುತ್ತದೆ ಎಂದು ನಮ್ಮ ಯಜಮಾನರು ಕೇಳಿದ ಕೂಡಲೇ ಆಕೆ, “ರೇಟು ಆಮೇಲೆ ಹೇಳ್ತೀನಿ ಸರ್, ಮೊದ್ಲು ಎಲ್ಲರ ಪಾಸ್‌ಪೋರ್ಟ್ ತೋರಿಸಿ” ಎಂದರು. ಅನಂತರ ಒಂದು ಹಳೆಯ ನೋಟ್‌ಬುಕ್ ತೆರೆದು ಬರೆದುಕೊಳ್ಳುತ್ತಾ ಹೋದ ಪ್ರಶ್ನೆಗಳಿಂದಲೇ, ಏಜೆಂಟರೆಂಬವರು ಏಕೆ ಬೇಕು ಎಂಬುದು ನನಗೆ ಅರ್ಥವಾಯಿತೆನ್ನಬೇಕು. ಮಕ್ಕಳ ಹುಟ್ಟಿದ ದಿನಾಂಕವೇನು, ಅತ್ತೆಯವರಿಗೆ ಮೆಟ್ಟಿಲು ಹತ್ತಲು ಆಗುತ್ತದೆಯೆ, ಬಸ್ಸಿನಲ್ಲಿ ಯಾರಿಗಾದರೂ ವಾಂತಿಯಾಗುವುದುಂಟೆ, ಊಟದಲ್ಲಿ ಈರುಳ್ಳಿ ಬೆಳ್ಳುಳ್ಳಿ ನಡೆಯುತ್ತದೆಯೆ, ಮನೆಯಲ್ಲಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವವರು ಯಾರು ಎಂದೆಲ್ಲ ಕೇಳಿದರು. ಕೊನೆಯ ಪ್ರಶ್ನೆಗೂ ಹಡಗಿಗೂ ಏನು ಸಂಬಂಧವೆಂದು ಆಗ ತಿಳಿಯಲಿಲ್ಲ.

ಪಾಸ್‌ಪೋರ್ಟುಗಳ ವಿಷಯದಲ್ಲಿ ಆಕೆ ಮೊದಲು ನೋಡಿದ್ದು, ಮರಳುವ ದಿನದಿಂದಾಚೆಗೂ ಆರು ತಿಂಗಳ ಅವಧಿ ಉಳಿದಿದೆಯೇ ಎಂಬುದನ್ನು. ಅದರಲ್ಲಿ ತೊಡಕಿರಲಿಲ್ಲ. ತೊಡಕು ಇದ್ದದ್ದು ಹೆಸರುಗಳಲ್ಲಿ. ಅತ್ತೆಯವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂಬ ಅಂಕಣ ಪೂರ್ತಿ ಖಾಲಿ. ಇರುವ ಹೆಸರೆಲ್ಲ ಗಿವನ್ ನೇಮ್ ಎಂಬಲ್ಲಿಯೇ ಇದೆ. ನಮ್ಮ ಯಜಮಾನರದರಲ್ಲಿ ಆ ಜಾಗದಲ್ಲಿ ಊರಿನ ಹೆಸರು, ನನ್ನದರಲ್ಲಿ ನನ್ನ ತಂದೆಯವರ ಹೆಸರು, ಮಕ್ಕಳಿಬ್ಬರದರಲ್ಲಿ ಅವರ ತಂದೆಯ ಹೆಸರು. ಹೀಗೆ ಒಂದೇ ಮನೆಯ ಐವರಲ್ಲಿ ಮಕ್ಕಳಿಬ್ಬರನ್ನು ಬಿಟ್ಟರೆ ಒಬ್ಬರ ಸರ್‌ನೇಮ್ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ನಮ್ಮ ಕಡೆಯ ಬಹುತೇಕ ಮನೆಗಳ ಕಥೆ ಇದೇ ಆಗಿರುವುದರಿಂದ ಆಕೆಗೆ ಆಶ್ಚರ್ಯವಾಗಲಿಲ್ಲ. ಆಕೆ ಪಾಸ್‌ಪೋರ್ಟಿನ ಮೇಲ್ಭಾಗದಲ್ಲಿ ಅಚ್ಚಾದ ಹೆಸರನ್ನು ಬಿಟ್ಟು, ಅದೇ ಪುಟದ ಅಡಿಯಲ್ಲಿ ಬಾಣದ ಮೊನೆಯಂಥ ಗುರುತುಗಳಿಂದ ತುಂಬಿದ ಎರಡು ಸಾಲುಗಳಿವೆಯಲ್ಲ, ಅವುಗಳ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿಕೊಂಡರು. ಯಂತ್ರ ಓದುವುದು ಅದನ್ನೇ, ಆದ್ದರಿಂದ ಟಿಕೆಟ್ಟಿನಲ್ಲಿಯೂ ಅದೇ ಇರಬೇಕು ಎಂಬುದು ಆಕೆಯ ವಾದ. ಸರ್‌ನೇಮ್ ಖಾಲಿಯಿರುವವರ ಹೆಸರನ್ನು ವಿಮಾನ ಕಂಪನಿಯ ಗಣಕ ಒಂದು ರೀತಿಯಲ್ಲಿ, ಹಡಗಿನ ಕಂಪನಿಯ ಗಣಕ ಇನ್ನೊಂದು ರೀತಿಯಲ್ಲಿ ತುಂಬಿಸಿಕೊಳ್ಳುವುದರಿಂದ, ಅತ್ತೆಯವರ ಹೆಸರು ಎರಡು ಕಡೆ ಎರಡು ರೂಪದಲ್ಲಿ ಮುದ್ರಿತವಾಗುತ್ತದೆ ಎಂದು ಮೊದಲೇ ಎಚ್ಚರಿಸಿ, ಹಡಗಿನ ಕಂಪನಿಗೆ ಪತ್ರ ಬರೆದು, ಇದು ಸರಿಯಿದೆ ಎಂಬ ಉತ್ತರವನ್ನು ತರಿಸಿಕೊಂಡು, ಅದರ ಪ್ರತಿಯನ್ನು ಅತ್ತೆಯವರ ಕಾಗದಗಳ ಜೊತೆ ಕ್ಲಿಪ್ ಹಾಕಿ ಕೊಟ್ಟರು.

ಮಾರ್ಗದ ಆಯ್ಕೆಯಲ್ಲಿ ನಮ್ಮ ಲೆಕ್ಕಾಚಾರ ಪೂರ್ತಿ ತಲೆಕೆಳಗಾಯಿತು. ಸಿಂಗಪುರದಿಂದ ಹೊರಡುವ ಕಿರು ಪ್ರವಾಸಗಳಲ್ಲಿ, ಮಲೇಷ್ಯಾದ ಪೆನಾಂಗ್‌ಗೆ ಮಾತ್ರ ಹೋಗಿ ಬರುವ ಮೂರು ರಾತ್ರಿಯದೂ ಪೆನಾಂಗ್ ಮತ್ತು ಥಾಯ್ಲೆಂಡಿನ ಫುಕೆಟ್ ಎರಡನ್ನೂ ಮುಟ್ಟುವ ನಾಲ್ಕು ರಾತ್ರಿಯದೂ ಪ್ರಸಿದ್ಧವಾದವು. ಒಂದು ರಾತ್ರಿ ಹೆಚ್ಚಾದರೂ ಎರಡು ದೇಶ ನೋಡಿದಂತಾಗುತ್ತದೆ ಎಂದು ನಾವು ಎರಡನೆಯದರ ಕಡೆಗೇ ವಾಲಿದ್ದೆವು. ಆಕೆ ಒಪ್ಪಲಿಲ್ಲ. ಪೆನಾಂಗಿನ ಜಾರ್ಜ್ ಟೌನ್‌ನಲ್ಲಿ ಸ್ವೆಟನ್‌ಹ್ಯಾಮ್ ಕಟ್ಟೆಗೆ ಹಡಗು ಬಂದು ತಾಗಿ ನಿಲ್ಲುತ್ತದೆ, ಸೇತುವೆಯಂಥ ಹಾದಿಯಲ್ಲಿ ಗಾಲಿಕುರ್ಚಿಯನ್ನೂ ತಳ್ಳಿಕೊಂಡು ಇಳಿಯಬಹುದು. ಫುಕೆಟ್‌ನಲ್ಲಿಯಾದರೆ ಇಷ್ಟು ದೊಡ್ಡ ಹಡಗುಗಳು ಪಾಟಾಂಗ್ ಕೊಲ್ಲಿಯಲ್ಲಿ ಲಂಗರು ಹಾಕಿ ದೂರದಲ್ಲಿಯೇ ನಿಲ್ಲುತ್ತವೆ. ದಡಕ್ಕೆ ಹೋಗಲು ಅಲೆಯ ಮೇಲೆ ಹೊಯ್ದಾಡುವ ಸಣ್ಣ ದೋಣಿಗೆ ಕಾಲಿಡಬೇಕು. “ಮಂಡಿ ನೋವಿರೋ ಅಮ್ಮನ್ನ ಆ ದೋಣಿಗೆ ಹತ್ತಿಸೋದು ಹೇಗೆ ಮೇಡಂ? ಅವರೊಬ್ಬರೇ ಹಡಗಿನಲ್ಲಿ ಉಳೀತಾರೆ, ಅವರನ್ನ ಬಿಟ್ಟು ಹೋಗೋಕೆ ನಿಮಗೆ ಮನಸ್ಸು ಬರಲ್ಲ” ಎಂದರು. ಮುಂಬೈಯ ಹಡಗು ಲಕ್ಷದ್ವೀಪಕ್ಕೆ ಹೋದಾಗಲೂ ಇದೇ ರೀತಿ ದೋಣಿಯಲ್ಲಿ ದಡ ಸೇರಬೇಕೆಂಬುದು ಆ ಮಾತಿನ ನಡುವೆ ತಿಳಿಯಿತು. ದರದ ಪಟ್ಟಿಯಲ್ಲಾಗಲಿ ಜಾಹೀರಾತಿನ ಚಿತ್ರದಲ್ಲಾಗಲಿ ಕಾಣದ ಈ ಒಂದು ಸಂಗತಿಯಿಂದ ನಮ್ಮ ಪ್ರವಾಸ ಪೆನಾಂಗ್‌ಗೆ ಸೀಮಿತವಾಯಿತು. ಸುಮಾತ್ರಾ ದ್ವೀಪಕ್ಕೂ ಮಲಯ ಪರ್ಯಾಯ ದ್ವೀಪಕ್ಕೂ ನಡುವೆ ಹಾಯುವ ಮಲಕ್ಕಾ ಜಲಸಂಧಿ ಎರಡೂ ಕಡೆ ನೆಲದ ಆಸರೆ ಇರುವ ನೀರಾದ್ದರಿಂದ, ಏಪ್ರಿಲ್ ಆರಂಭದಲ್ಲಿ ಅಲ್ಲಿ ಸಾಮಾನ್ಯವಾಗಿ ಅಲೆಗಳ ಅಬ್ಬರ ಕಡಿಮೆ ಎಂಬ ಸಮಾಧಾನವೂ ಸಿಕ್ಕಿತು.

ಹಡಗು ರಾಯಲ್ ಕೆರಿಬಿಯನ್ ಸಂಸ್ಥೆಯ ಆಂಥಮ್ ಆಫ್ ದ ಸೀಸ್. ಜರ್ಮನಿಯ ಪಾಪೆನ್‌ಬರ್ಗ್‌ನ ಮಾಯರ್ ವೆರ್ಫ್ಟ್ ಕಟ್ಟೆಯಲ್ಲಿ ತಯಾರಾಗಿ 2015ರಲ್ಲಿ ಕಡಲಿಗಿಳಿದದ್ದು. ಉದ್ದ ಸುಮಾರು 348 ಮೀಟರ್. ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೂ ನಾಲ್ಕು ಸಾವಿರಕ್ಕೂ ಹೆಚ್ಚು ಪ್ರಯಾಣಿಕರು ಹಿಡಿಸುತ್ತಾರೆ. ಇಷ್ಟು ದೊಡ್ಡ ಊರಿನಲ್ಲಿ ನಮ್ಮ ಮನೆ ಎಲ್ಲಿರಬೇಕೆಂದು ನಿರ್ಧರಿಸಲು ಆಕೆ ಡೆಕ್ಕುಗಳ, ಅಂದರೆ ಹಡಗಿನ ಅಂತಸ್ತುಗಳ, ನಕ್ಷೆಯನ್ನು ಎ3 ಹಾಳೆಗಳಲ್ಲಿ ಮುದ್ರಿಸಿ ಮೇಜಿನ ಮೇಲೆ ಹರಡಿದರು. ಮಕ್ಕಳಿಬ್ಬರೂ ಕುರ್ಚಿಯ ಮೇಲೆ ಮಂಡಿಯೂರಿ ಅದರ ಮೇಲೆ ಬಾಗಿದರು. ಆಕೆ ಪೆನ್ಸಿಲ್ ಹಿಡಿದು ಮೊದಲು ಬೇಡದ ಜಾಗಗಳನ್ನೆಲ್ಲ ಹೊಡೆದು ಹಾಕುತ್ತಾ ಬಂದರು. ಮುಂದಿನ ಮೂತಿಯೂ ಹಿಂದಿನ ತುದಿಯೂ ಹೆಚ್ಚು ತೂಗುತ್ತವೆ, ಬೇಡ. ಹದಿನಾಲ್ಕನೆಯ ಡೆಕ್ಕಿನಲ್ಲಿ ಈಜುಕೊಳವೂ ಬಫೆ ಊಟದ ಸಭಾಂಗಣವೂ ಇರುವುದರಿಂದ ಅದರ ನೇರ ಕೆಳಗಿನ ಕೋಣೆಗಳು ಬೇಡ, ಬೆಳಗಿನ ಜಾವದಿಂದಲೇ ಕುರ್ಚಿ ಎಳೆಯುವ ಸದ್ದು ಕೇಳುತ್ತದೆ. ನಾಟಕಶಾಲೆಯ ಮೇಲಿನವು ಬೇಡ. ಲಿಫ್ಟಿಗೆ ಎದುರಿನವೂ ಬೇಡ. ಆದರೆ ಅತ್ತೆಯವರು ನಡೆಯುವಷ್ಟು ಹತ್ತಿರವಿರಬೇಕು. ಹೀಗೆ ಹೊಡೆಯುತ್ತಾ ಹೊಡೆಯುತ್ತಾ ಕೊನೆಗೆ ಎಂಟನೆಯ ಡೆಕ್ಕಿನ ನಡುಭಾಗದಲ್ಲಿ, ಮೇಲೂ ಕೆಳಗೂ ಬರಿಯ ಕೋಣೆಗಳೇ ಇರುವ ಒಂದು ತುಣುಕು ಉಳಿಯಿತು.

ಐದು ಜನಕ್ಕೆ ಒಂದು ಸಾಮಾನ್ಯ ಕೋಣೆ ಸಾಲುವುದಿಲ್ಲ. ಅತ್ತೆಯವರಿಗೆ ಪ್ರತ್ಯೇಕ ಕೋಣೆ ಮಾಡೋಣವೆಂದರೆ, ಹಡಗಿನಲ್ಲಿ ಒಬ್ಬರೇ ಇದ್ದರೂ ಸಾಮಾನ್ಯವಾಗಿ ಇಬ್ಬರ ಹಣ ಕೊಡಬೇಕಾಗುತ್ತದೆ. ಒಂದೇ ಕೋಣೆಯಲ್ಲಿ ಮೂರನೆಯವರಾಗಿ ಇರುವವರಿಗೆ ದರ ಕಡಿಮೆ. ಮಕ್ಕಳನ್ನು ಮಾತ್ರ ಒಂದು ಕೋಣೆಯಲ್ಲಿ ಹಾಕುವಂತಿಲ್ಲ, ಸಾಮಾನ್ಯವಾಗಿ ಪ್ರತಿ ಕೋಣೆಯ ಹೆಸರುಪಟ್ಟಿಯಲ್ಲಿಯೂ ಹಿರಿಯರೊಬ್ಬರು ಇರಬೇಕು. ಈ ನಿಯಮಗಳನ್ನೆಲ್ಲ ಹೊಂದಿಸಿ ಆಕೆ ಕೊಟ್ಟ ಸೂತ್ರವೆಂದರೆ, ಅಜ್ಜಿ ಮೊಮ್ಮಗಳಿಗೆ ಬಾಲ್ಕನಿ ಇರುವ ಕೋಣೆ, ನಾವಿಬ್ಬರು ಮತ್ತು ಮಗನಿಗೆ ಅದೇ ಓಣಿಯಲ್ಲಿ ಎದುರಿಗಿರುವ ಒಳಗಿನ ಕೋಣೆ. ಎರಡೂ ಬಾಲ್ಕನಿಯದೇ ತೆಗೆದುಕೊಳ್ಳುವುದಕ್ಕಿಂತ ಇದು ಬಹಳ ಅಗ್ಗ. ಒಂದು ಬಾಲ್ಕನಿ ಇದ್ದರೆ ಐದೂ ಜನ ಅಲ್ಲಿಯೇ ಕೂರುತ್ತಾರೆ. ಈ ಹಡಗಿನ ಒಳಕೋಣೆಗಳಲ್ಲಿ ನೆಲದಿಂದ ಚಾವಣಿಯವರೆಗೆ ಒಂದು ಪರದೆಯಿದ್ದು, ಹೊರಗಿನ ಕ್ಯಾಮೆರಾಗಳು ಸೆರೆಹಿಡಿಯುವ ಕಡಲನ್ನು ಅದು ಆ ಕ್ಷಣದಲ್ಲಿಯೇ ತೋರಿಸುತ್ತದೆ ಎಂದು ಕೇಳಿದ ಮೇಲೆ ಮಗನಿಗೆ ನಿಜವಾದ ಬಾಲ್ಕನಿಯ ಆಸೆ ಅಲ್ಲಿಯೇ ಬಿಟ್ಟುಹೋಯಿತು. ಅತ್ತೆಯವರು ಮಾತ್ರ, “ನನಗೆ ಸೂರ್ಯ ಹುಟ್ಟೋ ಕಡೆ ಕೊಡಿ, ಅರ್ಘ್ಯ ಬಿಡಬಹುದು” ಎಂದರು. ಹಡಗು ತಿರುಗುತ್ತಾ ಹೋಗುವಾಗ ಪೂರ್ವ ದಿಕ್ಕು ಯಾವ ಪಕ್ಕಕ್ಕೆ ಬರುತ್ತದೆಂದು ಹೇಳಲು ಆಕೆ ಭೂಪಟವನ್ನೇ ತೆಗೆದರು. ಪೆನಾಂಗ್‌ಗೆ ಹೋಗುವಾಗ ಹಡಗಿನ ಮುಖ ವಾಯವ್ಯಕ್ಕೆ, ಬರುವಾಗ ಆಗ್ನೇಯಕ್ಕೆ ಇರುವುದರಿಂದ ಒಂದು ಬೆಳಗ್ಗೆ ಬಲಗಡೆಯವರಿಗೆ, ಇನ್ನೊಂದು ಬೆಳಗ್ಗೆ ಎಡಗಡೆಯವರಿಗೆ ಎಂದು ನ್ಯಾಯ ಹೇಳಿ ಬಲಗಡೆಯದನ್ನು ಕಾಯ್ದಿರಿಸಿದರು.

ಕೋಣೆಯ ಸಂಖ್ಯೆಯನ್ನು ಆಗಲೇ ಗೊತ್ತುಮಾಡದೆ, ಕಂಪನಿ ಯಾವುದನ್ನು ಕೊಟ್ಟರೂ ಆಗಬಹುದು ಎಂದು ಒಪ್ಪಿಕೊಂಡರೆ ದರ ಇನ್ನೂ ಇಳಿಯುತ್ತದೆ. ಗ್ಯಾರಂಟಿ ಕ್ಯಾಬಿನ್ ಎನ್ನುವ ಈ ಪದ್ಧತಿ ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ಲಾಭದ್ದು. ಎರಡು ಕೋಣೆ ಬೇಕಾದವರಿಗೆ ಒಂದು ಹಡಗಿನ ಮುಂದೆ, ಇನ್ನೊಂದು ಹಿಂದೆ ಸಿಕ್ಕರೆ ಅಜ್ಜಿಯನ್ನು ನೋಡಿಕೊಳ್ಳಲು ಓಡಾಡುವುದೇ ಪ್ರವಾಸವಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ದರ ಬಂತು, ಒಂದೊಂದು ಬಾಬ್ತಿಗೂ ಒಂದೊಂದು ಸಾಲಿನಂತೆ. ಯಜಮಾನರು ಅಂದು ರಾತ್ರಿಯೇ ಕಂಪನಿಯ ಜಾಲತಾಣದಲ್ಲಿ ಅದೇ ಕೋಣೆಗಳ ದರ ತೆಗೆದು ಹೋಲಿಸಿದರು. ವ್ಯತ್ಯಾಸ ಇರಲಿಲ್ಲವೆನ್ನುವಷ್ಟು ಕಡಿಮೆ. ಮರುದಿನ ಅವರು ಸಂಕೋಚವಿಲ್ಲದೆ, “ಹಾಗಾದ್ರೆ ನಿಮಗೇನು ಸಿಗುತ್ತೆ?” ಎಂದು ಕೇಳಿಯೇ ಬಿಟ್ಟರು. ಆಕೆಯೂ ಮುಚ್ಚುಮರೆ ಮಾಡಲಿಲ್ಲ. ಪ್ರಯಾಣ ದರದ ಒಂದು ಭಾಗದ ಮೇಲೆ ಕಂಪನಿಯೇ ಕಮಿಷನ್ ಕೊಡುತ್ತದೆ, ಬಂದರು ಶುಲ್ಕ ತೆರಿಗೆಗಳ ಮೇಲೆ ಅದು ಇರುವುದಿಲ್ಲ, ವೀಸಾ ಕೆಲಸಕ್ಕೆ ಮಾತ್ರ ತಾನು ಪ್ರತ್ಯೇಕವಾಗಿ ಸೇವಾಶುಲ್ಕ ತೆಗೆದುಕೊಳ್ಳುತ್ತೇನೆ ಎಂದರು. ಜೊತೆಗೆ ಒಂದು ಕಹಿ ಸಂಗತಿಯನ್ನೂ ಹೇಳಿದರು: ಏಜೆಂಟರ ಮೂಲಕ ಕಾಯ್ದಿರಿಸಿದ ಮೇಲೆ ಏನೇ ಬದಲಾವಣೆ ಬೇಕಾದರೂ ಅವರ ಮೂಲಕವೇ ಆಗಬೇಕು, ನಾವು ಕಂಪನಿಗೆ ನೇರವಾಗಿ ಫೋನ್ ಮಾಡಿದರೆ ನಿಮ್ಮ ಏಜೆಂಟರನ್ನು ಕೇಳಿ ಎನ್ನುತ್ತಾರೆ. ಅಂದರೆ ಏಜೆಂಟರು ಫೋನ್ ಎತ್ತುವವರಾಗಿರಬೇಕು. ನನ್ನ ದೃಷ್ಟಿಯಲ್ಲಿ ಏಜೆಂಟರನ್ನು ಆರಿಸುವಾಗ ದರಕ್ಕಿಂತ ಮುಂಚೆ ನೋಡಬೇಕಾದ ಗುಣ ಅದೇ.

ದರ ಡಾಲರಿನಲ್ಲಿ ಇರುವುದರಿಂದ ಮುಂಗಡ ಕೊಟ್ಟ ದಿನದ ವಿನಿಮಯ ದರ ಬೇರೆ, ಬಾಕಿ ಕಟ್ಟುವ ದಿನದ್ದು ಬೇರೆ. ಬಾಕಿಯನ್ನು ಹೊರಡುವುದಕ್ಕೆ ಎರಡೂವರೆ ತಿಂಗಳಷ್ಟು ಮುಂಚೆ ತೀರಿಸಬೇಕಾಯಿತು. ಆ ಗಡುವಿನ ನಂತರ ರದ್ದು ಮಾಡಿದರೆ ಕಡಿತವಾಗುವ ಮೊತ್ತ ಹಂತಹಂತವಾಗಿ ಏರುತ್ತಾ ಹೋಗಿ, ಕೊನೆಯ ದಿನಗಳಲ್ಲಿ ಏನೂ ವಾಪಸು ಬರುವುದಿಲ್ಲ. ಇನ್ನು ಟಿಸಿಎಸ್. ಆಗ ಜಾರಿಯಲ್ಲಿದ್ದ ಆದಾಯ ತೆರಿಗೆ ಕಾಯ್ದೆಯ 206ಸಿ(1ಜಿ) ಪ್ರಕಾರ, ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು ಕೊಳ್ಳುವವರಿಂದ ತೆರಿಗೆಯನ್ನು ಮುಂಗಡವಾಗಿ ವಸೂಲು ಮಾಡಬೇಕಿತ್ತು. ನಾವು ಹಣ ಕಟ್ಟಿದ 2024-25ರ ಸಾಲಿನಲ್ಲಿ ಅದು ಏಳು ಲಕ್ಷ ರೂಪಾಯಿಗಳವರೆಗೆ ಶೇ 5, ಅದಕ್ಕೆ ಮೇಲ್ಪಟ್ಟ ಮೊತ್ತಕ್ಕೆ ಶೇ 20 ಇತ್ತು; 2025-26ರ ಸಾಲಿನಲ್ಲಿ ಆ ಏಳು ಲಕ್ಷದ ಮಿತಿ ಹತ್ತು ಲಕ್ಷವಾಗಿತ್ತು. ನಾಲ್ಕು ಲಕ್ಷದ ಪ್ಯಾಕೇಜಿಗೆ ಇಪ್ಪತ್ತು ಸಾವಿರ ಹೆಚ್ಚುವರಿ ಎಂದರೆ ಸಣ್ಣ ಮಾತಲ್ಲ. ಇದು ಖರ್ಚಲ್ಲ, ಹಣ ಕಟ್ಟಿದವರ ಪ್ಯಾನ್ ಸಂಖ್ಯೆಯ ಹೆಸರಿನಲ್ಲಿ ಜಮೆಯಾಗುವ ತೆರಿಗೆ. ಆದುದರಿಂದ ರಿಟರ್ನ್ ಸಲ್ಲಿಸುವವರ ಹೆಸರಿನಲ್ಲಿಯೇ ಬಿಲ್ ಮಾಡಿಸಿಕೊಳ್ಳಬೇಕು. ಅತ್ತೆಯವರ ಪಾಲನ್ನು ಅವರ ಪಿಂಚಣಿ ಖಾತೆಯಿಂದಲೇ ಕೊಡಬೇಕೆಂದು ಅವರು ಹಟ ಹಿಡಿದಿದ್ದರು. ಆಕೆ ಮೊದಲ ದಿನವೇ ಆ ವಿಚಿತ್ರ ಪ್ರಶ್ನೆಯನ್ನು ಕೇಳಿದ್ದು ಏಕೆಂಬುದು ಆಗ ತಿಳಿಯಿತು. ಎಲ್ಲ ಹಣವೂ ಯಜಮಾನರ ಖಾತೆಯಿಂದ ಅವರ ಪ್ಯಾನ್ ಹೆಸರಿನಲ್ಲಿಯೇ ಹೋಯಿತು; ಅತ್ತೆಯವರ ದುಡ್ಡು ಮೊಮ್ಮಕ್ಕಳ ಕೈಖರ್ಚಿಗೆ ತಿರುಗಿತು.

ಇಡೀ ಪ್ರಕ್ರಿಯೆಯಲ್ಲಿ ನಮಗೆ ನಿದ್ದೆಗೆಡಿಸಿದ್ದು ವೀಸಾ. ಮಲೇಷ್ಯಾ ಡಿಸೆಂಬರ್ 2023ರಿಂದ ಭಾರತೀಯ ಪ್ರವಾಸಿಗರಿಗೆ ವೀಸಾ ವಿನಾಯಿತಿ ಕೊಟ್ಟಿರುವುದರಿಂದ ಪೆನಾಂಗಿನ ಚಿಂತೆ ಇರಲಿಲ್ಲ. ಸಿಂಗಪುರಕ್ಕೆ ವೀಸಾ ಬೇಕು, ಮತ್ತು ಅಲ್ಲಿಗೆ ಬರುವ ದಿನಕ್ಕೆ ಮೂವತ್ತು ದಿನ ಇರುವಾಗ ಮಾತ್ರ ಅರ್ಜಿ ಹಾಕಬೇಕು. ಹಡಗಿನ ಹಣವನ್ನಾದರೋ ಎರಡೂವರೆ ತಿಂಗಳ ಹಿಂದೆಯೇ ಪೂರ್ತಿ ಕಟ್ಟಿ ಆಗಿರುತ್ತದೆ. ವೀಸಾ ನಿರಾಕರಿಸಿದರೆ ಏನು ಗತಿ ಎಂದು ಯಜಮಾನರು ಕೇಳಿದಾಗ ಆಕೆ ಸಮಾಧಾನದ ಸುಳ್ಳು ಹೇಳಲಿಲ್ಲ. ಹಡಗಿನ ಹಣ ಹೋಗುತ್ತದೆ, ತಾನು ಮಾಡಿಸುತ್ತಿರುವ ಪ್ರವಾಸ ವಿಮೆಯಲ್ಲಿ ವೀಸಾ ನಿರಾಕರಣೆಗೆ ಪರಿಹಾರವಿಲ್ಲ, ಕಾಗದಪತ್ರ ಸರಿಯಿದ್ದರೆ ಸಾಮಾನ್ಯವಾಗಿ ಬರುತ್ತದೆ ಎಂದಷ್ಟೇ ಹೇಳಿದರು. ಫಾರ್ಮ್ 14ಎ ಎಂಬ ಅರ್ಜಿ, 35ಕ್ಕೆ 45 ಮಿಲಿಮೀಟರ್ ಅಳತೆಯ ಬಿಳಿ ಹಿನ್ನೆಲೆಯ ಭಾವಚಿತ್ರ, ಬ್ಯಾಂಕಿನ ಲೆಕ್ಕಪತ್ರ, ಹೋಗಿ ಬರುವ ವಿಮಾನ ಟಿಕೆಟ್, ಹಡಗಿನ ದೃಢೀಕರಣ, ಇವಿಷ್ಟನ್ನೂ ಅಧಿಕೃತ ವೀಸಾ ಏಜೆಂಟರ ಮೂಲಕ ಸಲ್ಲಿಸಬೇಕು. ತಲಾ 30 ಸಿಂಗಪುರ ಡಾಲರ್ ಶುಲ್ಕ, ವೀಸಾ ಬಂದರೂ ಬಾರದಿದ್ದರೂ ಅದು ಮರಳುವುದಿಲ್ಲ. ಅತ್ತೆಯವರು ಹಣೆಗೆ ಗಂಧ ಇಟ್ಟುಕೊಂಡೇ ಫೋಟೊ ತೆಗೆಸಿಕೊಂಡಿದ್ದರು. ಗೋಪಿಚಂದನದ ಮುದ್ರೆಯಿಲ್ಲದ ಇನ್ನೊಂದನ್ನು ತೆಗೆಸಬೇಕೆಂದಾಗ ಸ್ವಲ್ಪ ಮುನಿಸಿಕೊಂಡರಾದರೂ ತೆಗೆಸಿಕೊಂಡರು. ಹಡಗು ಸಿಂಗಪುರ ಬಿಟ್ಟು ಬೇರೆ ದೇಶಕ್ಕೆ ಹೋಗಿ ಮತ್ತೆ ಸಿಂಗಪುರಕ್ಕೇ ಬರುವುದರಿಂದ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಸಾಲದು ಎಂಬುದನ್ನು ಆಕೆ ಅರ್ಜಿಯ ಜೊತೆಗಿನ ಪತ್ರದಲ್ಲಿ ಎದ್ದು ಕಾಣುವಂತೆ ಬರೆಸಿದರು. ವೀಸಾ ಬಂದ ಕೂಡಲೇ ಹೆಸರಿಗಿಂತ ಮೊದಲು ನೋಡಿದ್ದೂ ಅದನ್ನೇ. ಐವರಿಗೂ ಹಲವು ಪ್ರವೇಶದ ವೀಸಾ ಸಿಕ್ಕಿತ್ತು. ಸಿಂಗಪುರಕ್ಕೆ ಬರುವ ಮುಂಚಿನ ಮೂರು ದಿನಗಳೊಳಗೆ ತುಂಬಬೇಕಾದ ಎಸ್‌ಜಿ ಅರೈವಲ್ ಕಾರ್ಡನ್ನು ವಿಮಾನದಲ್ಲಿ ಇಳಿಯುವಾಗ ಒಮ್ಮೆ, ಹಡಗಿನಿಂದ ಮರಳುವಾಗ ಇನ್ನೊಮ್ಮೆ ತುಂಬಬೇಕೆಂದೂ ಬರೆದು ಕೊಟ್ಟರು.

ಊಟದ ವಿಚಾರ ಸುಲಭವಾಗಿ ಬಗೆಹರಿಯಿತು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಭಾರತೀಯ ಸಸ್ಯಾಹಾರ ಎಂದು ಮೊದಲೇ ಕಂಪನಿಗೆ ಬರೆದು, ರಾತ್ರಿಯ ಊಟಕ್ಕೆ ಬೇಗನೆಯ ಸರದಿಯನ್ನು ಕೇಳಿ ಹಾಕಿಸಿದರು. ಕಷ್ಟವಾದದ್ದು ಚೀಲ ಕಟ್ಟುವಾಗ. ಮನೆಯಲ್ಲಿ ಮಾಡಿದ ತಿಂಡಿಗಳನ್ನು ಹಡಗಿನೊಳಗೆ ಒಯ್ಯುವಂತಿಲ್ಲ, ಅಂಗಡಿಯಲ್ಲಿ ಸೀಲ್ ಮಾಡಿದ ಪೊಟ್ಟಣಗಳಾದರೆ ಆಗಬಹುದು ಎಂದು ಕೇಳಿ ಅತ್ತೆಯವರು ತಮ್ಮ ಕೋಡುಬಳೆ ಡಬ್ಬಿಯನ್ನು ಮಗಳ ಮನೆಗೆಂದು ಪ್ರತ್ಯೇಕಿಸಿದರು. ಇಸ್ತ್ರಿಪೆಟ್ಟಿಗೆ, ಎಲೆಕ್ಟ್ರಿಕ್ ಕುಕ್ಕರ್, ಎಕ್ಸ್‌ಟೆನ್ಷನ್ ವಯರು ಯಾವುದೂ ಕೂಡದು. ಕಡಲಿನ ನಡುವೆ ಹಡಗಿನವರು ಎಲ್ಲಕ್ಕಿಂತ ಹೆಚ್ಚು ಹೆದರುವುದು ಬೆಂಕಿಗೆ, ಹಾಗಾಗಿ ದೀಪ ಊದುಬತ್ತಿಗಳನ್ನು ಹಚ್ಚುವಂತಿಲ್ಲ ಎಂದು ಆಕೆ ಹಿಂಜರಿಯುತ್ತಲೇ ಹೇಳಿದಾಗ ಅತ್ತೆಯವರು, “ಅದಕ್ಕೇನಮ್ಮ, ಮಾನಸ ಪೂಜೆ ಅಂತ ಒಂದಿದೆಯಲ್ಲ” ಎಂದು ನಮ್ಮೆಲ್ಲರಿಗಿಂತ ಬೇಗ ಒಪ್ಪಿಕೊಂಡರು. ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಮೂಲ ಪಟ್ಟಿಯಲ್ಲಿಯೇ ಇಟ್ಟು, ವೈದ್ಯರ ಚೀಟಿ ಜೊತೆಗಿಡಬೇಕು. ಕೋಡೀನ್ ಇರುವ ಕೆಮ್ಮಿನ ಔಷಧಿಯನ್ನು ಸಿಂಗಪುರದ ಅನುಮತಿಯಿಲ್ಲದೆ ಒಯ್ಯಲೇಬಾರದು. ಸಮುದ್ರದ ನಡುವೆ ಫೋನ್ ಹಡಗಿನ ಮೊಬೈಲ್ ಜಾಲಕ್ಕೆ ಸಿಕ್ಕಿಕೊಂಡರೆ ಬಿಲ್ ಗಾಬರಿ ಹುಟ್ಟಿಸುವಂತಿರುತ್ತದೆ, ಹತ್ತಿದ ಕೂಡಲೇ ಏರೋಪ್ಲೇನ್ ಮೋಡ್‌ಗೆ ಹಾಕಿ ಎಂಬುದನ್ನು ಮಗಳಿಗೆ ಮಾತ್ರ ಎರಡೆರಡು ಸಲ ಹೇಳಿದರು.

ಹಡಗು ಯಾರಿಗೂ ಕಾಯುವುದಿಲ್ಲವೆಂದು, ಹೊರಡುವ ದಿನವೇ ಬೆಂಗಳೂರಿನಿಂದ ವಿಮಾನ ಹತ್ತುವ ಯೋಜನೆಗೆ ಆಕೆ ಮೊದಲೇ ತಡೆ ಹಾಕಿದ್ದರಿಂದ, ನಾದಿನಿಯ ಮನೆಯಲ್ಲಿ ತಂಗಿ ಆರಾಮವಾಗಿ ಮರೀನಾ ಬೇ ಕ್ರೂಸ್ ಸೆಂಟರ್ ತಲುಪಿದೆವು. ಮರೀನಾ ಸೌತ್ ಪಿಯರ್ ಮೆಟ್ರೊ ನಿಲ್ದಾಣದಿಂದ ಅದು ಹತ್ತಿರವೇ ಇದ್ದರೂ ಅತ್ತೆಯವರಿಗಾಗಿ ಟ್ಯಾಕ್ಸಿ ಮಾಡಿದೆವು. ಲಗೇಜ್ ಟ್ಯಾಗುಗಳನ್ನು ಆಕೆ ಮೈಸೂರಿನಲ್ಲಿಯೇ ಮುದ್ರಿಸಿ, ಮಡಚಿ, ಮೇಲೆ ಅಗಲದ ಟೇಪು ಸುತ್ತಿ ಕೊಟ್ಟಿದ್ದರು. ಸ್ಟೇಪ್ಲರ್ ಹುಡುಕಿಕೊಂಡು ಸಾಲಿನಲ್ಲಿ ಅಲೆಯುತ್ತಿದ್ದವರನ್ನು ನೋಡಿದಾಗ ಅದರ ಬೆಲೆ ಗೊತ್ತಾಯಿತು. ಗಾಲಿಕುರ್ಚಿಯ ಕೋರಿಕೆ ಪಟ್ಟಿಯಲ್ಲಿ ಇತ್ತು. ಕೌಂಟರಿನ ಹುಡುಗಿ ಅತ್ತೆಯವರ ಪಾಸ್‌ಪೋರ್ಟನ್ನೂ ಪರದೆಯನ್ನೂ ಮಾರಿ ಮಾರಿ ನೋಡತೊಡಗಿದಾಗ ಕ್ಲಿಪ್ ಹಾಕಿದ್ದ ಆ ಪತ್ರವನ್ನು ಮುಂದಿಟ್ಟೆ. ಅವಳು ಓದಿ, ಒಂದು ಸಂಖ್ಯೆಯನ್ನು ಒತ್ತಿ, ಕಾರ್ಡು ಕೊಟ್ಟಳು.

ಹತ್ತಿದ ಮೇಲೆ ಮೊದಲ ಕೆಲಸ ಸುರಕ್ಷತಾ ಕವಾಯತು. ಇದರ ಬಗ್ಗೆ ಆಕೆ ಮಕ್ಕಳಿಗೆ ಕಥೆಯನ್ನೇ ಹೇಳಿದ್ದರು. ಟೈಟಾನಿಕ್ ಮುಳುಗಿದ ಎರಡು ವರ್ಷಗಳ ಮೇಲೆ, 1914ರಲ್ಲಿ, ಕಡಲಿನಲ್ಲಿ ಜೀವರಕ್ಷಣೆಗಾಗಿ ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಮೊದಲು ರೂಪುಗೊಂಡಿತು. ಆದರೂ 13 ಜನವರಿ 2012ರಂದು ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತಾಗ, ಅಂದು ಹತ್ತಿದ ನೂರಾರು ಜನರಿಗೆ ಇನ್ನೂ ಕವಾಯತು ಆಗಿರಲಿಲ್ಲ. ಹತ್ತಿದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಮಾಡಿದರೆ ಸಾಕೆಂಬ ನಿಯಮ ಆಗ ಇತ್ತು. ಈಗ ಹೊರಡುವ ಮುನ್ನ ಅಥವಾ ಹೊರಟ ತಕ್ಷಣವೇ ಆಗಬೇಕು. ಫೋನಿನಲ್ಲಿ ವಿಡಿಯೊ ನೋಡಿ, ನಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ಕಾರ್ಡು ತೋರಿಸಿ ಬರುವ ಈ ಕೆಲಸವನ್ನು ಮಗ ಎಲ್ಲರ ಕೈಹಿಡಿದು ಎಳೆದುಕೊಂಡು ಹೋಗಿ ಮೊದಲೇ ಮುಗಿಸಿದ.

ಪ್ರವಾಸ ಮುಗಿಸಿ ಬಂದ ವಾರದಲ್ಲಿ ಆಕೆ ಕಳುಹಿಸಿದ ಸಂದೇಶದಲ್ಲಿ ಹೇಗಿತ್ತು ಎಂಬ ವಿಚಾರಣೆಗಿಂತ ಮೊದಲು ಟಿಸಿಎಸ್ ಪ್ರಮಾಣಪತ್ರವಿತ್ತು. ಆ ವರ್ಷ ರಿಟರ್ನ್ ಸಲ್ಲಿಸುವ ಗಡುವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದರಿಂದ ಯಜಮಾನರು ನಿಧಾನವಾಗಿಯೇ ಕುಳಿತು, ತಮ್ಮ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿಯಾದ ಫಾರ್ಮ್ 26ಎಎಸ್ ತೆಗೆದು ನೋಡಿದರು. ಮುಂಗಡದ್ದೊಂದು, ಬಾಕಿಯದ್ದೊಂದು, ಎರಡೂ ಸಾಲುಗಳು ಅವರ ಪ್ಯಾನ್ ಹೆಸರಿನಲ್ಲಿ ಪೈಸೆ ಸಹಿತ ಇದ್ದವು. ಸಂಬಳದಲ್ಲಿ ಕಡಿತವಾಗಿದ್ದ ತೆರಿಗೆಯ ಜೊತೆಗೆ ಅದನ್ನೂ ಸೇರಿಸಿ ತೋರಿಸಿ, ಮರುಪಾವತಿಗೆ ಕೋರಿದರು.